ಕತ್ತರಿಸಿದ ಹಾಸು

ಅವರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಯಾವುದೋ ಹುಲ್ಲುಮನೆಯ ಬೆಂಕಿ ಅದನ್ನು ನೆಕ್ಕಿಕೊಂಡು ಹೋಗಿತ್ತು. ಮದುವೆಮನೆಗೆ ಹೊರಟಾಗ ಅವರ ಹೆಂಡತಿ ಕಾಡಿಗೆಯಲ್ಲಿ ಹುಬ್ಬು ಬರೆದು ಕಳಿಸುವರು. ಊಟದ ಹೊತ್ತಿಗೆ ಅದು ಬೆವರಿನಲ್ಲಿ ಇಳಿದು ಕೆನ್ನೆಗೆ ಬಂದಿರುತ್ತಿತ್ತು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ನೇಕಾರರ ಬೀದಿಗೆ ಸೊಸೆಯಾಗಿ ಬಂದೆ. ಆ ಬೀದಿ ಆಗಿನ್ನೂ ಫೈರ್ ಇಂಜಿನ್ ಕಂಡಿರಲಿಲ್ಲ. ಇದ್ದದ್ದು ಎದುರುಮನೆಯ ಈ ಹುಬ್ಬಿಲ್ಲದ ನೇಕಾರರು ಕಟ್ಟಿದ ಬೆಂಕಿ ದಂಡು: ಹತ್ತು ಹನ್ನೆರಡು ಗಂಡಸರು, ಎರಡು ಏಣಿ, ಉರಿಯುವ ಹುಲ್ಲುಮಾಡು ಎಳೆಯಲು ಕೊಕ್ಕೆ ಕಟ್ಟಿದ ಗಳ, ಒಂದು ಜಾಗಟೆ. ಜಾಗಟೆ ಕೇಳಿದರೆ ಕೈಯಲ್ಲಿನ ಲಾಳಿ ಬಿಟ್ಟು ಓಡಬೇಕು. ಬೀದಿಗೆ ಅವರು ಬೆಂಕಿ ಯಜಮಾನರು, ನನ್ನ ಗಂಡನಿಗೆ ದೊಡ್ಡಪ್ಪ, ನನಗೆ ಮಾವ.

ಪ್ರತಿ ಮನೆ ಬಾಗಿಲಲ್ಲೂ ನೀರು ತುಂಬಿದ ಗುಡಾಣ, ಅದರಲ್ಲಿ ನೆನೆದ ಗೋಣಿಚೀಲ ಇರಲೇಬೇಕು. ಮಾವ ದಿನಾ ಬೆಳಿಗ್ಗೆ ಬಂದು ಕೈ ಅದ್ದಿ ನೋಡುವರು. ಒಂದು ದಿನ ನಮ್ಮದು ಬರಿದಾಗಿತ್ತು.

"ಒಲೆ ಅಚ್ಚೋಕ್ ಮುಂಚೆ ನೀರು ತುಂಬ್ಬೇಕು ಕಣವ್ವಾ. ಬೆಂಕಿ ನಿನ್ನ ಕೇಳ್ಬುಟ್ಟು ಬಂದದಾ?"

ನನಗೆ ಸಿಟ್ಟು ಬಂತು. ಮನೆಯೊಳಗಿನ ಅತ್ತೆ ಸಾಲದೆಂದು ಬೀದಿಯಲ್ಲೊಬ್ಬರು!

ಒಂದು ಬೇಸಿಗೆ ಮಧ್ಯಾಹ್ನ ನಮ್ಮ ಮಾಡಿಗೇ ಕಿಡಿ ಹಾರಿತು. ಜಾಗಟೆ ಬಡಿಯಿತು. ನಾನು ಹೊರಗೆ ಓಡಿದೆ, ನನ್ನ ಗಂಡ ಬರಲಿಲ್ಲ. ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡೇ ರೇಷ್ಮೆ ಹಾಸನ್ನು, ಅಂದರೆ ಸೀರೆಯ ಉದ್ದೆಳೆಗಳನ್ನು, ಒಂದೂ ಕೆಡದಂತೆ ಬಿಚ್ಚುತ್ತಾ ಕೂತಿದ್ದರು. ಮೊದಲು ಹಾಸು, ಆಮೇಲೆ ಜೀವ. ಈ ಹುಚ್ಚು ನೇಕಾರರಿಗೆ ಮಾತ್ರ. ನಾನು ಬಾಗಿಲಲ್ಲಿ ನಿಂತು ಕಿರುಚುತ್ತಿದ್ದೆ.

ಮಾವ ನಮ್ಮ ಗುಡಾಣದ ಗೋಣಿ ಹೊದ್ದು ಒಳಗೆ ನುಗ್ಗಿದರು.

"ಏಳ್ಲಾ ಮ್ಯಾಕೆ!"

"ಒಸಿ ತಡಿ ದೊಡ್ಡಪ್ಪ, ಇನ್ನೊಂದೇ ಗಂಟು."

ಮಾವ ಸೊಂಟದ ಚೂರಿ ತೆಗೆದು ಹಾಸನ್ನು ಅಡ್ಡಡ್ಡಲಾಗಿ ಕತ್ತರಿಸಿಬಿಟ್ಟರು. ನೇಕಾರ ಹಾಸಿನ ಮೇಲೆ ಚೂರಿ ಹಾಕುವುದೆಂದರೆ ಮನೆಯ ಕರುವಿನ ಕುತ್ತಿಗೆಗೆ ಹಾಕಿದ ಹಾಗೆ. ಉಳಿಸಿಕೊಳ್ಳಲು ಏನೂ ಇಲ್ಲದೆ ಇವರು ಎದ್ದರು. ಇಬ್ಬರೂ ಹೊಸಿಲು ದಾಟಿದ್ದೇ ತಡ, ತೊಲೆ ಮುರಿದು ಗುಣಿಯೊಳಗೆ ಬಿತ್ತು.

ದಂಡಿನವರು ಮಾಡು ಎಳೆದುಹಾಕಿ ಬೆಂಕಿ ಆರಿಸಿದರು. ಹಾಸು ಒದ್ದೆಯಾಗಿತ್ತು, ಸುಟ್ಟಿರಲಿಲ್ಲ. ಅದನ್ನು ಕಂಡು ಇವರು ಮಾವನ ಜೊತೆ ಮಾತು ಬಿಟ್ಟರು. ಆ ತೊಲೆ ಇವರ ಕಣ್ಣಿಗೆ ಬೀಳಲೇ ಇಲ್ಲ!

ಹೊಸ ಮಾಡು ಹಾಕಿದ ಮಾರನೆಯ ದಿನ ಮಾವ ಬಂದು ಮಗ್ಗದ ಎದುರು ಕೂತರು. ತುಂಡಾದ ಎಳೆಗಳನ್ನು ಒಂದಕ್ಕೊಂದು ಗಂಟುಹಾಕಿ ಕೆಚ್ಚತೊಡಗಿದರು. ಸಾವಿರಾರು ಎಳೆ. ತಮ್ಮ ಮಗ್ಗ ನಿಲ್ಲಿಸಿ ದಿನವೂ ಬಂದರು. ಕೊನೆಯ ದಿನ ಇವರೇ, "ದೊಡ್ಡಪ್ಪ, ಒಸಿ ಮಜ್ಜಿಗೆ ಕುಡಿ," ಅಂದರು. ನಾನು ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ನಡುವೆ ಗಂಟಿನ ಸಾಲಿದ್ದ ಆ ಸೀರೆ ಯಾರಿಗೂ ಬೇಡವಾಗಿ ನನಗೇ ಬಂತು.

ಎಪ್ಪತ್ತರ ದಶಕದಲ್ಲಿ ಬೀದಿ ತುದಿಗೆ ಫೈರ್ ಇಂಜಿನ್ ಬಂದು ನಿಂತಾಗ ಮಾವ ಅದರ ಸುತ್ತ ಎರಡು ಸಲ ತಿರುಗಿದರು. "ಚೆನ್ನಾಗದೆ. ನಮ್ ಸಂದಿಗೆ ನುಗ್ಗಾಕಿಲ್ಲ," ಅಂದರು. ಗುಡಾಣ ನೋಡುವುದನ್ನು ಬಿಡಲಿಲ್ಲ.

ಅವರು ತೀರಿಕೊಂಡ ದಿನ ಅವರ ಹೆಂಡತಿ ಕಾಡಿಗೆ ತಂದು ಹುಬ್ಬು ಬರೆಯಲು ಕೂತರು. ನನ್ನ ಗಂಡ ಆ ಕೈ ಹಿಡಿದರು. "ಬ್ಯಾಡ ದೊಡ್ಡವ್ವಾ. ಅಂಗೇ ಓಗ್ಲಿ."

ಅಂದು ನಾನು ಆ ಸೀರೆಯನ್ನೇ ಉಟ್ಟಿದ್ದೆ. ಈಗಲೂ ತೆಗೆದು ಆ ಸಾಲಿನ ಮೇಲೆ ಬೆರಳಾಡಿಸುತ್ತೇನೆ. ನನ್ನ ಗಂಡನ ಜೊತೆ ಬಾಳಿದ ವರ್ಷಗಳಲ್ಲಿ ಹೆಚ್ಚಿನವು ಆ ಗಂಟುಗಳ ಈಚೆಯವು.