ಮೊದಲನೇ ಕೇಜಿಗೆ ನಾನು

ನಂದಿದುರ್ಗದ ಚಿನ್ನದ ಗಣಿಯಲ್ಲಿ ನಮ್ಮನ್ನು ಒಳಕ್ಕೆ ಇಳಿಸುವ ಕೇಜು ಹತ್ತುವ ಮುಂಚೆ ಎಲ್ಲರೂ ಮುನೇಶ್ವರನ ಕಲ್ಲಿನ ಮುಂದಿನ ಕರ್ಪೂರಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಅದು ಕಂಪನಿಯ ರೂಲ್ಸಲ್ಲ, ನಮ್ಮ ಮೇಸ್ತ್ರಿಯ ರೂಲ್ಸು. ಐವತ್ತರ ದಶಕದ ಮಾತು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಆದರೂ ಕೇಜು ಇಳಿಯುವಾಗ, ಒಳಗೆ ಬಂಡೆ ಸಿಡಿದು ಸತ್ತ ನಮ್ಮಣ್ಣ ನೆನಪಾಗಿ ಕಾಲು ನಡುಗುತ್ತಿತ್ತು. ಮೇಸ್ತ್ರಿಗೂ ಅದು ಗೊತ್ತಿತ್ತು. ಆ ನಡುಕ ನಿಂತದ್ದು ಚರ್ಚಿನ ಬೆಂಚಿನ ಮೇಲೆ. ಹೇಗೆ ಅಂತ ಕೇಳಿದರೆ ಹೇಳೋಕೆ ಬರಲ್ಲ. ನಿಂತಿತು, ಅಷ್ಟೇ.

ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಮರುದಿನ ನಾನು ಕರ್ಪೂರ ಮುಟ್ಟಲಿಲ್ಲ. ಮೇಸ್ತ್ರಿ ಕೇಜಿಗೆ ಅಡ್ಡ ನಿಂತ.

“ನಿನ್ ಜತೇಲಿ ಯಾರೂ ಇಳಿಯಾಕಿಲ್ಲ ಕಣ್ಲಾ. ಏನಾರ ಆದ್ರೆ?”

“ಅಂಗಾದ್ರೆ ನಾನೊಬ್ನೇ ಮೊದ್ಲು ಇಳೀತೀನಿ. ನೀವು ಆಮೇಲೆ ಬನ್ನಿ.”

ಒಬ್ಬನೇ ಇಳಿದೆ. ಅವರೆಲ್ಲ ಕೆಳಗೆ ಬಂದಾಗ ದೀಪ ಪಕ್ಕಕ್ಕಿಟ್ಟುಕೊಂಡು ಆರಾಮಾಗಿ ಕೂತಿದ್ದೆ. ಮೇಸ್ತ್ರಿ ನನ್ನ ಕಾಲನ್ನೇ ನೋಡಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಅವರಿಗೆಲ್ಲ ಕರ್ಪೂರ, ಮೊದಲನೇ ಕೇಜಿಗೆ ನಾನು.

ಒಮ್ಮೆ ಜ್ವರ ಬಂದು ಮಲಗಿದ್ದೆ. ಬೆಳಬೆಳಗ್ಗೆಯೇ ಮೇಸ್ತ್ರಿ ನಮ್ಮ ಲೈನಿನ ಸಾಲುಮನೆಗೇ ಬಂದ.

“ಕೆಲ್ಸ ಮಾಡ್ಬೇಡ ಕಣ್ಲಾ. ಮೊದಲ್ನೇ ಕೇಜ್ನಾಗೆ ಸುಮ್ಕೆ ಇಳಿದು ವಾಪಸ್ ಬಂದ್ಬುಡು. ನೀನಿಲ್ದೆ ಯಾರೂ ಇಳಿಯಾಕೆ ಒಪ್ತಿಲ್ಲ.”

“ರಜಾ ಹಾಕಿರೋದು ನಾನು ಮೇಸ್ತ್ರಿ, ಯೇಸುಸ್ವಾಮಿ ಅಲ್ಲ. ಧೈರ್ಯವಾಗಿ ಇಳೀರಿ” ಎಂದು ಕಂಬಳಿ ಮುಸುಕೆಳೆದುಕೊಂಡೆ.