ಕುರ್ಚಿ ಏರಿದ ಸೊಪ್ಪಿನ ಮಾರಕ್ಕ
ಯಲಹಂಕದ ಮಾರುಕಟ್ಟೆ ಬೀದಿಯಲ್ಲಿ ನಲವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಸೊಪ್ಪು ಮಾರಿದವಳು ಮಾರಕ್ಕ. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಿತು. ಡಾಕ್ಟರು ಆಪರೇಷನ್ ಮಾಡಿ ಕೀಲಿಗೆ ಲೋಹದ ಗುಂಡು ಕೂರಿಸಿದರು. ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕಿ ಎಂದರೆ ಮಾರಕ್ಕ ಇಪ್ಪತ್ತು ಹಾಕುವಳು. ನೋವಿಗೆ ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ಘಾಟು ಎನ್ನುವಳು. "ಇನ್ನು ಮನೇಲೇ ಇರಿ ಅತ್ತೆ" ಎಂದ ಸೊಸೆಗೆ, "ಮುರ್ದಿದ್ದು ಮೂಳೆ ಕಣಮ್ಮಿ, ಯಾಪಾರ ಅಲ್ಲ" ಎಂದು ಗದರಿದಳು. ನೆಲದ ಮೇಲೆ ಕೂರಕೂಡದೆಂದು ಡಾಕ್ಟರು ಎಚ್ಚರಿಸಿದ್ದರಿಂದ, ಮೂರನೇ ತಿಂಗಳು ಎತ್ತರದ ಕುರ್ಚಿ ಹಾಕಿಸಿಕೊಂಡು ಬೀದಿಗೆ ಬಂದೇಬಿಟ್ಟಳು. ಹಳೆಯ ಗಿರಾಕಿ ಪ್ರತಿಭಾ ಎದುರಿಗೇ ನಿಂತರೂ ಮಾರಕ್ಕನಿಗೆ ಗುರುತು ಸಿಗಲಿಲ್ಲ. ದನಿ ಕೇಳಿದ ಮೇಲೆ ಮಾರಕ್ಕ ಅವರನ್ನೇ ದಿಟ್ಟಿಸಿ ನೋಡಿದಳು: "ನಿಮ್ ಮಕ ಇಂಗೈತಾ! ಇಷ್ಟ್ ವರ್ಸ ಪಾದ ನೋಡೇ ಗುರ್ತು ಇಡೀತಿದ್ದೆ ಕಣವ್ವ."