ಸಿರಿಯಾದವರ ಮನೆಯ ಚಕ್ಕುಲಿ

ನಮ್ಮ ಕಾಲೇಜಿನ ಅಣಕು ಶಾಂತಿ ಸಮ್ಮೇಳನ ಒಂದಿಷ್ಟೂ ಗಲಾಟೆಯಿಲ್ಲದೆ ಮುಗಿದದ್ದು ಕಾರ್ಯದರ್ಶಿಯ ತಾಳ್ಮೆಯಿಂದ ಎಂದು ಸಹಪಾಠಿಗಳು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ತಾಳ್ಮೆಯಲ್ಲ, ಸೈಕಲ್ಲು.

ಎಪ್ಪತ್ಮೂರರ ಅರಬ್–ಇಸ್ರೇಲ್ ಯುದ್ಧ ಆಗಷ್ಟೇ ನಿಂತಿತ್ತು. ಜಿನೀವಾದಲ್ಲಿ ಸಮ್ಮೇಳನ ಸೇರುವ ಮೊದಲು ಯಾರು ಯಾರ ಪಕ್ಕ ಕೂರಬೇಕೆಂಬುದನ್ನು ತೀರ್ಮಾನಿಸಲಿಕ್ಕೇ ರಾಯಭಾರಿಗಳು ದೇಶದಿಂದ ದೇಶಕ್ಕೆ ಓಡಾಡುತ್ತಿದ್ದರು. ರಾಜಾಜಿನಗರದ ನಮ್ಮ ಕಾಲೇಜಿನ ಚರ್ಚಾಕೂಟ ಅದನ್ನೇ ವೇದಿಕೆಯ ಮೇಲೆ ಆಡಿಸಲು ಹೊರಟಿತು. ಬಾಪೂಜಿನಗರದ ಹುಡುಗ ಈಜಿಪ್ಟ್, ವಿಜಯನಗರದ ಹುಡುಗಿ ಸಿರಿಯಾ, ಕಾಮಾಕ್ಷಿಪಾಳ್ಯದ ನಾನು ಇಸ್ರೇಲ್. ಅಂದು ಚೆನ್ನಾಗಿ ಮಾತಾಡಿದವರನ್ನು ಮೈಸೂರಿನ ಚರ್ಚಾಸ್ಪರ್ಧೆಗೆ ಕಳಿಸುತ್ತಾರೆ ಎಂಬ ಮಾತಿತ್ತು. ಎದುರಾಳಿಯ ಮಾತನ್ನು ಹಿಡಿದು ಖಂಡಿಸುವುದರಲ್ಲಿ ನನ್ನನ್ನು ಮೀರಿಸುವವರು ಕಾಲೇಜಿನಲ್ಲಿ ಇರಲಿಲ್ಲ. ಜಂಬವಿರಬಹುದು, ಸುಳ್ಳಲ್ಲ.

ಕಾರ್ಯದರ್ಶಿ ಕೊನೆಯ ವರ್ಷದವನು. ಪೂರ್ವಭಾವಿ ಸಮಾಲೋಚನೆ ಎಂದುಕೊಂಡು ಸೈಕಲ್ ಹತ್ತಿ ಒಂದೊಂದು ದೇಶದ ಮನೆಗೂ ಹೋಗಿ, ತಿಂಡಿ ತಿಂದು, ತಕರಾರು ಕೇಳಿ ಬರುತ್ತಿದ್ದ. ಭಾನುವಾರ ನನ್ನ ಸರದಿಯಿರಬೇಕೆಂದು ಇಸ್ತ್ರಿ ಸೀರೆ ಉಟ್ಟು ಕೂತಿದ್ದೆ.

"ಯಾರಾದ್ರೂ ಬರ್ತಾರೇನೇ?" ಅಮ್ಮ ಕೇಳಿದಳು.

"ರಾಯಭಾರಿ."

"ಅನ್ನ ತಿಂತಾರೋ, ಚಪಾತಿ ಲಟ್ಟಿಸ್ಲೋ?"

ಚಪಾತಿ ಲಟ್ಟಿಸಿದಳು. ಯಾರೂ ಬರಲಿಲ್ಲ. ಮರುದಿನ ಬಸ್ಸಿನಲ್ಲಿ ಸಿರಿಯಾ ಸಿಕ್ಕಳು.

"ನಮ್ಮನೆಗೆ ಎರಡು ಸಲ ಬಂದಿದ್ರು ಕಣೇ. ನಿನ್ನ ಪಕ್ಕ ಕೂರಲ್ಲ ಅಂದೆ, ಮಧ್ಯ ಒಂದು ಖಾಲಿ ಮೇಜು ಹಾಕಿಸ್ತೀನಿ ಅಂದ್ರು. ಅಮ್ಮನ ಚಕ್ಕುಲಿ ಅಂದ್ರೆ ಪ್ರಾಣ ಅವ್ರಿಗೆ. ನಿಮ್ಮನೇಲಿ ಏನು ಕೊಟ್ರಿ?"

"ಚಪಾತಿ," ಎಂದೆ.

ಸಮ್ಮೇಳನದ ದಿನ ಕಾರ್ಯದರ್ಶಿ ಎದ್ದು, ಎಲ್ಲ ಪಕ್ಷಗಳೂ ಮೊದಲೇ ಒಪ್ಪಿರುವಂತೆ ಇವತ್ತು ಹೇಳಿಕೆಗಳನ್ನು ಓದುವುದಷ್ಟೇ, ಯಾರೂ ಯಾರಿಗೂ ಉತ್ತರ ಕೊಡುವಂತಿಲ್ಲ ಎಂದು ಸಾರಿದ. ನಾನು ಬಂದದ್ದೇ ಉತ್ತರ ಕೊಡಲಿಕ್ಕೆ. ಇಸ್ರೇಲನ್ನು ಕೇಳಿದ್ದು ಯಾವಾಗ ಎಂದು ಎದ್ದು ನಿಲ್ಲಬಹುದಿತ್ತು. ಆದರೆ ಖಾಲಿ ಮೇಜಿನಾಚೆ ಸಿರಿಯಾ ಕೂತಿದ್ದಳು, ಅವನು ನಮ್ಮ ಮನೆಗೂ ಬಂದಿದ್ದನೆಂದು ನಂಬಿಕೊಂಡು. ಬರಲೇ ಇಲ್ಲವೆಂದು ಅವಳೆದುರು ಹೇಳಲು ಬಾಯಿ ಬರಲಿಲ್ಲ. ಹೇಳಿಕೆ ಓದಿ ಕೂತೆ.

ಪ್ರಾಂಶುಪಾಲರು ಅವನ ಬೆನ್ನು ತಟ್ಟಿದರು. ಮೈಸೂರಿಗೆ ಅವನೂ ಸಿರಿಯಾಳೂ ಹೋದರು. ಬಸ್ಸಿನಲ್ಲಿ ಅವರ ಮಧ್ಯೆ ಖಾಲಿ ಮೇಜೇನೂ ಇರಲಿಲ್ಲ ಎಂಬುದನ್ನು ನಾನು ಬೇಡವೆಂದರೂ ಯೋಚಿಸಿದೆ.

ಅವರು ಹಿಂತಿರುಗಿದ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಅವನನ್ನು ತಡೆದೆ. ಬಗ್ಗಿಕೊಂಡು ಚೈನು ಏರಿಸುತ್ತಿದ್ದವನು ತಲೆ ಎತ್ತಲಿಲ್ಲ.

"ಎಲ್ಲ ಪಕ್ಷಗಳೂ ಒಪ್ಪಿದ್ವು ಅಂದ್ರಲ್ಲ, ಕಾರ್ಯದರ್ಶಿಗಳೇ. ವಿಜಯನಗರಕ್ಕೆ ಎರಡು ಸಲ ಹೋದ್ರಿ. ಕಾಮಾಕ್ಷಿಪಾಳ್ಯ ಅದರ ಮಗ್ಗುಲಲ್ಲೇ ಇದೆ. ಒಂದೇ ಒಂದು ಸಲ ನಮ್ಮನೆ ಮುಂದೆ ಸೈಕಲ್ ಯಾಕೆ ನಿಲ್ಲಿಸಲಿಲ್ಲ?"